ವೈಫೈ ಲಿಸ್ಟಿನಲ್ಲಿ ಗೊತ್ತಿಲ್ಲದ ಹೆಸರು ಕಂಡರೆ: ಯಾರದ್ದು ಅಂತ ಪತ್ತೆ ಮಾಡೋದು ಹೇಗೆ

ಒಂದು ರಾತ್ರಿ ಕ್ರಿಕೆಟ್ ನೋಡುತ್ತಾ ಕೂತಿದ್ದೆ. ಕೊನೆಯ ಎರಡು ಓವರ್. ಸರಿಯಾಗಿ ಆಗಲೇ ಟಿವಿಯಲ್ಲಿ ಆ ಸುತ್ತುವ ಚಕ್ರ ಬಂತು. ಸಿಟ್ಟಿಗೆ ರೂಟರ್ ಪೇಜ್ ತೆಗೆದು, ಯಾರು ಯಾರು ನೆಟ್ ಎಳೆಯುತ್ತಿದ್ದಾರೆ ಅಂತ ನೋಡಿದೆ. ಮನೆಯಲ್ಲಿ ಇರೋದು ಮೂರೇ ಜನ: ನಾನು, ಅಮ್ಮ, ಹೆಂಡತಿ. ಲಿಸ್ಟಿನಲ್ಲಿ ಹದಿನಾಲ್ಕು ಹೆಸರು. ಹದಿಮೂರಕ್ಕೆ ಹೇಗೋ ಲೆಕ್ಕ ಸಿಕ್ಕಿತು. ಉಳಿದ ಒಂದರ ಮುಂದೆ 'ಎಸ್ಪ್ರೆಸ್ಸಿಫ್' ಅಂತ ಮಾತ್ರ ಇತ್ತು. ಹುಡುಕಿದರೆ ಶಾಂಘೈಯ ಕಂಪನಿಯಂತೆ. ಅಷ್ಟು ಸಾಕಾಯಿತು, ನಿದ್ದೆ ಹಾರಿಹೋಯಿತು.

ಮೊದಲ ಅನುಮಾನ ಹೋಗಿದ್ದು ಮಹಡಿ ಮನೆಯ ಬಾಡಿಗೆ ಹುಡುಗರ ಮೇಲೆ. ಇಂಜಿನಿಯರಿಂಗ್ ಓದುವವರು, ರಾತ್ರಿ ಎರಡರವರೆಗೆ ಲೈಟ್ ಉರಿಯುತ್ತಿರುತ್ತದೆ, ಇನ್ನೇನು ಸಾಕ್ಷಿ ಬೇಕು! ಪುಣ್ಯಕ್ಕೆ ಬಾಯಿಬಿಟ್ಟು ಕೇಳಲಿಲ್ಲ. ಮೆಟ್ಟಿಲ ಹತ್ತಿರ ಸಿಕ್ಕಾಗ ನಾಲ್ಕು ದಿನ ಮುಖ ತಿರುಗಿಸಿಕೊಂಡು ಹೋದೆ, ಅಷ್ಟೇ. ಅದು ಕೊನೆಗೆ ಏನು ಅಂತ ಮುಂದೆ ಹೇಳುತ್ತೇನೆ.

ಆಮೇಲೆ ನೆಂಟರು, ಸ್ನೇಹಿತರ ಮನೆಗಳಲ್ಲೂ ಇದೇ ಪತ್ತೇದಾರಿ ಕೆಲಸ ಮಾಡಿಕೊಟ್ಟಿದ್ದೇನೆ. ಪ್ರತಿ ಸಲವೂ ಕಥೆ ಹೆಚ್ಚುಕಡಿಮೆ ಒಂದೇ. ಲಿಸ್ಟಿನಲ್ಲಿ ಕಾಣುವ ಅಪರಿಚಿತ ಹೆಚ್ಚಾಗಿ ನಮ್ಮ ಮನೆಯದೇ ಯಾವುದೋ ವಸ್ತು, ನಾವೇ ದುಡ್ಡು ಕೊಟ್ಟು ತಂದು ಮರೆತಿರುತ್ತೇವೆ. ಅದಕ್ಕೇ ನಾನು ಕಳ್ಳನನ್ನು ಹುಡುಕೋ ಮುಂಚೆ ಮನೆಯ ತಲೆ ಎಣಿಸಿ ಅನ್ನೋದು. ಕೆಳಗಿನ ಕ್ರಮ ಇರೋದೂ ಹಾಗೇ.

ಪಾಸ್‌ವರ್ಡ್ ಈಗಲೇ ಬದಲಿಸಬೇಡಿ

ಎಲ್ಲರೂ ಮೊದಲು ಹೇಳೋದು 'ಪಾಸ್‌ವರ್ಡ್ ಚೇಂಜ್ ಮಾಡಿಬಿಡಿ' ಅಂತ. ಮಾಡಬಹುದು. ಆದರೆ ಬದಲಿಸಿದ ಕ್ಷಣ ಎಲ್ಲವೂ ಲಿಸ್ಟಿನಿಂದ ಮಾಯ, ನಿಮ್ಮದೂ ಪರರದ್ದೂ ಒಟ್ಟಿಗೆ. ಅದು ಯಾರಾಗಿತ್ತು ಅಂತ ಮತ್ತೆ ಯಾವತ್ತೂ ಗೊತ್ತಾಗೋದಿಲ್ಲ. ಮೇಲಿಂದ ಮನೆಯ ಒಂದೊಂದು ಬಲ್ಬು, ಪ್ಲಗ್ಗು, ಕ್ಯಾಮೆರಾಗೂ ಹೊಸ ಪಾಸ್‌ವರ್ಡ್ ಕಲಿಸುತ್ತಾ ಒಂದು ಭಾನುವಾರ ಹೋಗುತ್ತದೆ.

ಮೊದಲು ಆ ಲಿಸ್ಟಿನ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಹೆಸರು, ಐಪಿ ಅಡ್ರೆಸ್ (ರೂಟರ್ ಆ ಸಾಧನಕ್ಕೆ ಕೊಟ್ಟ ನಂಬರ್), ಮ್ಯಾಕ್ ಅಡ್ರೆಸ್ (ಸಾಧನದ ಗುರುತಿನ ಸಂಖ್ಯೆ, ಮುಂದೆ ವಿವರಿಸುತ್ತೇನೆ) ಮೂರೂ ಕಾಣಬೇಕು. ಬೆಳಗ್ಗೆ ಒಂದು, ರಾತ್ರಿ ಒಂದು, ಹೀಗೆ ಎರಡು ಮೂರು ಹೊತ್ತಿನದು ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ ಮಾತ್ರ ಬರುವುದು ಯಾವುದು, ಇಡೀ ದಿನ ಅಲ್ಲಾಡದೆ ಕೂತಿರುವುದು ಯಾವುದು ಅಂತ ಇದರಲ್ಲೇ ಅರ್ಧ ತಿಳಿಯುತ್ತದೆ.

ಎರಡು ಸಂದರ್ಭದಲ್ಲಿ ಮಾತ್ರ ಕಾಯಬೇಡಿ. ವೈಫೈಗೆ ಪಾಸ್‌ವರ್ಡೇ ಇಲ್ಲದಿದ್ದರೆ, ಅಥವಾ ರೂಟರ್ ಸೆಟ್ಟಿಂಗ್ ನಿಮಗೆ ಗೊತ್ತಿಲ್ಲದೆ ಬದಲಾಗಿದ್ದರೆ, ನೇರ ಕೊನೆಯ ಭಾಗಕ್ಕೆ ಹೋಗಿ.

ಮನೆ ಸುತ್ತಿ ಬನ್ನಿ

ಒಂದು ಹಾಳೆ, ಒಂದು ಪೆನ್ನು. ಕೋಣೆ ಕೋಣೆಗೆ ಹೋಗಿ ನೆಟ್ ಇರುವ ಪ್ರತಿ ವಸ್ತುವನ್ನೂ ಬರೆಯಿರಿ. ಕೂತಲ್ಲೇ ನೆನಪಿಸಿಕೊಂಡು ಬರೆದರೆ ಆಗೋದಿಲ್ಲ. ನಾನು ಸೋಫಾದಲ್ಲೇ ಕೂತು ಬರೆದು ಕೆಟ್ಟೆ.

ಫೋನು, ಲ್ಯಾಪ್‌ಟಾಪ್, ಟಿವಿ ಯಾರೂ ಮರೆಯೋದಿಲ್ಲ. ಮರೆಯೋದು ಇವನ್ನು: ಸೆಟ್ ಟಾಪ್ ಬಾಕ್ಸ್, ಟಿವಿ ಹಿಂದೆ ಚುಚ್ಚಿದ ಸ್ಟಿಕ್, ಪ್ರಿಂಟರ್, ವೈಫೈ ಇರುವ ಎಸಿ ಮತ್ತು ವಾಷಿಂಗ್ ಮಷೀನ್, ಸಿಸಿಟಿವಿಯ ಡಿವಿಆರ್, ಗೇಟಿನ ವಿಡಿಯೋ ಬೆಲ್, ಗೀಸರ್‌ಗೆ ಹಾಕಿದ ಸ್ಮಾರ್ಟ್ ಪ್ಲಗ್, ನೆಲ ಗುಡಿಸುವ ರೋಬೋ, ಡ್ರಾಯರ್‌ನಲ್ಲಿ ಚಾರ್ಜ್ ಆಗುತ್ತಾ ಬಿದ್ದಿರುವ ಹಳೇ ಫೋನು, ಮಗುವಿನ ಟ್ಯಾಬ್, ಕಿಂಡಲ್. ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದ್ದರೆ ಅದರ ಇನ್ವರ್ಟರ್‌ಗೆ ಬೆರಳುದ್ದದ ವೈಫೈ ಡಾಂಗಲ್ ಸಿಕ್ಕಿಸಿರುತ್ತಾರೆ, ದಿನಕ್ಕೆ ಎಷ್ಟು ಯೂನಿಟ್ ಬಂತು ಅಂತ ಆ್ಯಪ್‌ನಲ್ಲಿ ತೋರಿಸೋದು ಅದೇ. ಹಾಕಿದ ಹುಡುಗ ನಿಮ್ಮ ಹತ್ತಿರ ಪಾಸ್‌ವರ್ಡ್ ಕೇಳಿ ಟೈಪ್ ಮಾಡಿಕೊಂಡು ಹೋಗಿರುತ್ತಾನೆ. ನಿಮಗೆ ನೆನಪಿರೋದಿಲ್ಲ.

ಆಮೇಲೆ ಮನೆಯವರನ್ನೆಲ್ಲ ಕೇಳಿ. 'ಯಾರಿಗಾದ್ರೂ ಪಾಸ್‌ವರ್ಡ್ ಕೊಟ್ಟಿದ್ರಾ?' ಅಂತಲ್ಲ. ಹಾಗೆ ಕೇಳಿದರೆ ಎಲ್ಲರೂ 'ಇಲ್ಲಪ್ಪ' ಅನ್ನುತ್ತಾರೆ. 'ಈ ವರ್ಷ ಮನೆಗೆ ಯಾರ್ಯಾರು ಬಂದಿದ್ರು, ಏನೇನು ರಿಪೇರಿ ಮಾಡಿಸಿದ್ವಿ?' ಅಂತ ಕೇಳಿ. ಹೊಸ ಫೋನುಗಳಲ್ಲಿ ಪಾಸ್‌ವರ್ಡ್ ಬಾಯಲ್ಲಿ ಹೇಳುವ ಅಗತ್ಯವೇ ಇಲ್ಲ, ಕ್ಯೂಆರ್ ಕೋಡ್ ತೋರಿಸಿದರೆ ಮುಗೀತು. ಅದು 'ಕೊಟ್ಟ' ಲೆಕ್ಕಕ್ಕೇ ಬರೋದಿಲ್ಲ ಜನರ ಮನಸ್ಸಲ್ಲಿ.

ಇನ್ನೊಂದು ಮಜಾ ಇದೆ. ಹೋದ ಯುಗಾದಿಗೆ ಬಂದಿದ್ದ ಭಾವ ಈ ವರ್ಷ ಹೊಸ ಫೋನ್ ತಗೊಂಡು ಮತ್ತೆ ಬಂದರು ಅಂದುಕೊಳ್ಳಿ. ಹಳೇ ಫೋನಿನ ಬ್ಯಾಕಪ್‌ನಿಂದ ಹೊಸದನ್ನು ತುಂಬಿಸಿದಾಗ ವೈಫೈ ಪಾಸ್‌ವರ್ಡುಗಳೂ ಜೊತೆಗೆ ಬಂದಿರುತ್ತವೆ. ಅವರು ಚಪ್ಪಲಿ ಬಿಡೋ ಹೊತ್ತಿಗೆ ಫೋನು ನಿಮ್ಮ ವೈಫೈಗೆ ಸೇರಿಕೊಂಡಿರುತ್ತದೆ. ನಿಮ್ಮ ಲಿಸ್ಟಿನಲ್ಲಿ ಹೊಸ ಅಪರಿಚಿತ ಹಾಜರ್.

ರೂಟರ್ ಒಳಗೆ ಹೋಗೋದು

ಫೋನಿನ ಆ್ಯಪ್‌ಗಳಿಂದಲೂ ನೋಡಬಹುದು, ಫಿಂಗ್ ಅನ್ನೋದು ತುಂಬಾ ಜನ ಬಳಸುವ ಆ್ಯಪ್. ಆದರೆ ಹೊಸ ಐಫೋನ್, ಆಂಡ್ರಾಯ್ಡ್‌ಗಳಲ್ಲಿ ಆ್ಯಪ್‌ಗಳಿಗೆ ಬೇರೆ ಸಾಧನಗಳ ಮ್ಯಾಕ್ ಅಡ್ರೆಸ್ ಓದೋಕೆ ಫೋನೇ ಬಿಡೋದಿಲ್ಲ. ಹಾಗಾಗಿ ಆ್ಯಪ್ ಹೇಳೋದು ಅರ್ಧಂಬರ್ಧ ಊಹೆ. ಪೂರ್ತಿ ಲೆಕ್ಕ ಇರೋದು ರೂಟರ್ ಹತ್ತಿರವೇ.

ರೂಟರ್ ವಿಳಾಸ ತಿಳಿಯೋಕೆ ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ನಿಮ್ಮ ನೆಟ್‌ವರ್ಕ್ ಹೆಸರಿನ ಪಕ್ಕದ ಗುರುತನ್ನು ಒತ್ತಿ. ಐಫೋನ್‌ನಲ್ಲಿ 'ರೂಟರ್', ಆಂಡ್ರಾಯ್ಡ್‌ನಲ್ಲಿ 'ಗೇಟ್‌ವೇ' ಅಂತ ಒಂದು ನಂಬರ್ ಕಾಣುತ್ತದೆ. ಜಿಯೋ ಫೈಬರ್‌ನಲ್ಲಿ 192.168.29.1, ಬೇರೆ ಹೆಚ್ಚಿನವುಗಳಲ್ಲಿ 192.168.1.1 ಅಥವಾ 192.168.0.1. ಇದನ್ನು ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ಟೈಪ್ ಮಾಡಿ. 'ನಾಟ್ ಸೆಕ್ಯೂರ್' ಅಂತ ಹೆದರಿಸಬಹುದು. ಮನೆಯೊಳಗಿನ ಪೇಜ್ ಅದು, ಮುಂದೆ ಹೋಗಿ.

ಲಾಗಿನ್ ಹೆಸರು, ಪಾಸ್‌ವರ್ಡ್ ರೂಟರ್ ತಳದ ಸ್ಟಿಕ್ಕರ್ ಮೇಲೆ ಇರುತ್ತದೆ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರ್‌ನ ಕೀಲಿ. ಸ್ಟಿಕ್ಕರ್‌ನಲ್ಲಿ ಇರೋದು ಆಗದಿದ್ದರೆ ಲೈನ್ ಹಾಕಿದವರು ಬದಲಿಸಿರುತ್ತಾರೆ, ಫೋನ್ ಮಾಡಿ ಕೇಳಿ. ಕೆಲವರು ಕೊಡೋಕೆ ಹಿಂದೆ ಮುಂದೆ ನೋಡುತ್ತಾರೆ. ಆಗ ಕಂಪನಿಯ ಆ್ಯಪ್‌ನಲ್ಲಿ ಕನೆಕ್ಟ್ ಆದ ಸಾಧನಗಳ ಲಿಸ್ಟ್ ಇದೆಯಾ ನೋಡಿ.

ಒಳಗೆ ಹೋದ ಮೇಲೆ 'ಕನೆಕ್ಟೆಡ್ ಡಿವೈಸಸ್', 'ವೈರ್‌ಲೆಸ್ ಕ್ಲೈಂಟ್ಸ್', 'ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್' ಅನ್ನೋ ಥರದ ಹೆಸರು ಹುಡುಕಿ. ಇವು ಒಂದೇ ಅಲ್ಲ, ಇಲ್ಲೇ ಜನ ಮೋಸ ಹೋಗೋದು. ಡಿಎಚ್‌ಸಿಪಿ ಲಿಸ್ಟ್ ಲಾಡ್ಜಿನ ರಿಜಿಸ್ಟರ್ ಇದ್ದ ಹಾಗೆ: ಯಾರಿಗೆ ಯಾವ ರೂಮ್ ಕೊಟ್ಟಿದೆ, ಎಷ್ಟು ಹೊತ್ತಿನವರೆಗೆ ಅಂತ ಬರೆದಿರುತ್ತದೆ. ಬೆಳಗ್ಗೆ ಬಂದು ಹೋದ ಗ್ಯಾಸ್ ಸ್ಟೌ ರಿಪೇರಿಯವನ ಫೋನು ಅವಧಿ ಮುಗಿಯುವವರೆಗೆ, ಕೆಲವು ರೂಟರ್‌ಗಳಲ್ಲಿ ಇಡೀ 24 ಗಂಟೆ, ಅಲ್ಲೇ ಇರುತ್ತದೆ. ಈಗ ಒಳಗೆ ಯಾರಿದ್ದಾರೆ ಅಂತ ಹೇಳೋದು ವೈರ್‌ಲೆಸ್ ಲಿಸ್ಟ್ ಮಾತ್ರ.

ಕಂಪನಿ ಕೊಟ್ಟ ಫೈಬರ್ ಡಬ್ಬಿ ಒಂದು, ನೀವು ಬೇರೆ ತಂದು ಸಿಕ್ಕಿಸಿದ ರೂಟರ್ ಒಂದು, ಹೀಗೆ ಎರಡಿದ್ದರೆ ಎರಡರಲ್ಲೂ ಬೇರೆ ಬೇರೆ ಲಿಸ್ಟ್ ಇರಬಹುದು. ಎಷ್ಟೋ ಮನೆಯಲ್ಲಿ ಹೊಸ ರೂಟರ್ ಬಂದ ಮೇಲೂ ಹಳೇ ಡಬ್ಬಿಯ ವೈಫೈ ಸುಮ್ನೆ ಉರಿಯುತ್ತಿರುತ್ತದೆ. ಅದರ ಪಾಸ್‌ವರ್ಡ್ ಇಡೀ ಬೀದಿಗೆ ಗೊತ್ತು.

ಮ್ಯಾಕ್ ಅಡ್ರೆಸ್ ಓದೋದು ಹೇಗೆ

ಹೆಸರನ್ನು ನಂಬಬೇಡಿ, ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು. ಐಪಿ ನಂಬರ್ ಬದಲಾಗುತ್ತಾ ಇರುತ್ತದೆ. ನೋಡಬೇಕಾದ್ದು ಮ್ಯಾಕ್ ಅಡ್ರೆಸ್. ಎರಡೆರಡು ಅಕ್ಷರದ ಆರು ಜೋಡಿ, ಒಟ್ಟು 12. 0ಯಿಂದ 9ರವರೆಗಿನ ಅಂಕಿ, ಎ ಇಂದ ಎಫ್‌ವರೆಗಿನ ಅಕ್ಷರ ಬಿಟ್ಟು ಬೇರೆ ಏನೂ ಇರೋದಿಲ್ಲ.

ಮೊದಲ ಮೂರು ಜೋಡಿ ತಯಾರಿಸಿದ ಕಂಪನಿಯ ಗುರುತು. ಇದನ್ನು ಹಂಚುವುದು ಐಇಇಇ ಅನ್ನೋ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ. ನಮ್ಮ ಗಾಡಿ ನಂಬರಿನಲ್ಲಿ ಕೆಎ 09 ಅಂದ ಕೂಡಲೇ ಮೈಸೂರು ಅಂತೀವಲ್ಲ, ಹಾಗೆ. ಉದಾಹರಣೆಗೆ 00:17:88 ಅಂದರೆ ಫಿಲಿಪ್ಸ್ ಹ್ಯೂ ಬಲ್ಬುಗಳ ಬ್ರಿಡ್ಜ್. ನನ್ನ ನಿದ್ದೆ ಕೆಡಿಸಿದ್ದು 24:0ಎ:ಸಿ4 ಅಂತ ಶುರುವಾಗಿತ್ತು, ಅದು ಎಸ್ಪ್ರೆಸ್ಸಿಫ್‌ನದು. 'ಮ್ಯಾಕ್ ವೆಂಡರ್ ಲುಕಪ್' ಅಂತ ಹುಡುಕಿ, ಸಿಕ್ಕ ಪೇಜಿನಲ್ಲಿ ಮೊದಲ ಆರು ಅಕ್ಷರ ಹಾಕಿದರೆ ಸಾಕು, ಕಂಪನಿ ಹೆಸರು ಬರುತ್ತದೆ.

ಬರುವ ಹೆಸರು ನಿಮ್ಮ ವಸ್ತುವಿನ ಬ್ರ್ಯಾಂಡ್ ಆಗಿರಬೇಕು ಅಂತೇನಿಲ್ಲ. ಅದು ವೈಫೈ ಚಿಪ್ ಅಥವಾ ಬೋರ್ಡ್ ಮಾಡಿದವರ ಹೆಸರು. ಹಾನ್ ಹಾಯ್ ಅಂತ ಬಂದರೆ ಗಾಬರಿ ಬೇಡ, ಅದು ಫಾಕ್ಸ್‌ಕಾನ್. ಅಜುರೆವೇವ್, ಲೈಟಾನ್ ಅಂತ ಬಂದರೆ ಹೆಚ್ಚಾಗಿ ಲ್ಯಾಪ್‌ಟಾಪ್. ಮುರಾಟಾ ಅಂದರೆ ಯಾವುದೋ ವಸ್ತುವಿನ ಒಳಗೆ ಕೂತಿರುವ ಜಪಾನಿನ ವೈಫೈ ಮಾಡ್ಯೂಲ್. ಎಸ್ಪ್ರೆಸ್ಸಿಫ್ ಮತ್ತು ತುಯಾ ಅಂತ ಬಂದರೆ ನೂರಕ್ಕೆ ತೊಂಬತ್ತು ಭಾಗ ಅದು ಸ್ಮಾರ್ಟ್ ಬಲ್ಬು, ಪ್ಲಗ್ಗು, ಸ್ವಿಚ್ಚು ಅಂತ ನನ್ನ ಅಂದಾಜು. ಎಸ್ಪ್ರೆಸ್ಸಿಫ್‌ನ ಚಿಪ್ಪು ಅಷ್ಟು ಅಗ್ಗ, ಯಾವ ಬ್ರ್ಯಾಂಡಿನ ಡಬ್ಬಿ ಬಿಚ್ಚಿದರೂ ಒಳಗೆ ಅದೇ ಸಿಕ್ಕಬಹುದು. ಆ ರಾತ್ರಿ ಇದು ನನಗೆ ಗೊತ್ತಿದ್ದರೆ ನಿದ್ದೆ ಬರುತ್ತಿತ್ತು.

ಕಂಪನಿ ಹೆಸರೇ ಬರದಿದ್ದರೆ

ಇದು ಈಗ ತುಂಬಾ ಜಾಸ್ತಿ. ಲುಕಪ್‌ನಲ್ಲಿ ಹಾಕಿದರೆ 'ನಾಟ್ ಫೌಂಡ್' ಅನ್ನುತ್ತದೆ, ನೋಡುವವರಿಗೆ ಹ್ಯಾಕರೇ ಅನಿಸುತ್ತದೆ. ಆದರೆ ಅದು ನಿಮ್ಮದೇ ಫೋನ್ ಇರಬಹುದು.

2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನುಗಳು ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ ತೋರಿಸದೆ ಒಂದು ಸುಳ್ಳು ಅಡ್ರೆಸ್ ಹುಟ್ಟಿಸಿಕೊಂಡು ವೈಫೈಗೆ ಬರುತ್ತವೆ. ಮಾಲ್, ಏರ್‌ಪೋರ್ಟ್‌ಗಳಲ್ಲಿ ನಿಮ್ಮ ಬೆನ್ನು ಹತ್ತದಿರಲಿ ಅಂತ ಮಾಡಿದ ಏರ್ಪಾಡು.

ಇದನ್ನು ಗುರುತಿಸೋಕೆ ಒಂದು ಸುಲಭ ಗುಟ್ಟಿದೆ. ಮ್ಯಾಕ್ ಅಡ್ರೆಸ್‌ನ ಎರಡನೇ ಅಕ್ಷರ ನೋಡಿ. ಅದು 2, 6, ಎ, ಇ ಈ ನಾಲ್ಕರಲ್ಲಿ ಒಂದಾಗಿದ್ದರೆ, ಅದು ಕಾರ್ಖಾನೆಯಲ್ಲಿ ಕೊಟ್ಟಿದ್ದಲ್ಲ, ಸಾಫ್ಟ್‌ವೇರ್ ಹುಟ್ಟಿಸಿದ್ದು. 'ಡಿ2' ಅಂತ ಶುರುವಾದರೆ ಎರಡನೇ ಅಕ್ಷರ 2, ಹಾಗಾಗಿ ಹೆಚ್ಚುಕಡಿಮೆ ಅದು ಫೋನು, ಟ್ಯಾಬು, ಇಲ್ಲಾ ಲ್ಯಾಪ್‌ಟಾಪ್. '24' ಅಂತ ಶುರುವಾದರೆ ಎರಡನೇ ಅಕ್ಷರ 4, ಅಂದರೆ ಕಾರ್ಖಾನೆಯದೇ. ಈ ಒಂದು ಅಕ್ಷರದಿಂದಲೇ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಈಗ ಮನೆಯ ಒಂದೊಂದು ಫೋನ್ ತಗೊಂಡು ಹೋಲಿಸಿ. 'ಅಬೌಟ್ ಫೋನ್' ಒಳಗೆ ಇರುವ ಅಡ್ರೆಸ್ ನೋಡಬೇಡಿ, ಅದು ಬೇರೆ ಇರಬಹುದು. ವೈಫೈ ಸೆಟ್ಟಿಂಗ್‌ನಲ್ಲಿ ನಿಮ್ಮ ನೆಟ್‌ವರ್ಕ್ ಹೆಸರನ್ನು ಒತ್ತಿ, ಅಲ್ಲಿ ಕಾಣುವ ಅಡ್ರೆಸ್ ನೋಡಿ. ರೂಟರ್‌ಗೆ ಕಾಣೋದು ಅದೇ.

ಈ ಸುಳ್ಳು ಅಡ್ರೆಸ್ ಒಂದೊಂದು ವೈಫೈ ಹೆಸರಿಗೆ ಒಂದೊಂದು. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಒಂದೇ ರೂಟರ್‌ಗೆ ಎರಡು ಹೆಸರು ಇರುತ್ತದೆ, ಒಂದು ಮಾಮೂಲಿ, ಇನ್ನೊಂದರ ಕೊನೆಗೆ '5ಜಿ' ಅಂತ. ಹಾಲ್‌ನಲ್ಲಿ ಒಂದಕ್ಕೆ, ಒಳಕೋಣೆಗೆ ಹೋದರೆ ಇನ್ನೊಂದಕ್ಕೆ ಸೇರುವ ನಿಮ್ಮ ಫೋನು ರಿಜಿಸ್ಟರ್‌ನಲ್ಲಿ ಇಬ್ಬರಾಗಿ ಕಾಣುತ್ತದೆ. ಫ್ರೆಂಡ್ ಒಬ್ಬರ ಮನೆಯಲ್ಲಿ 'ಮೂರು ಜನ ಕದಿಯುತ್ತಿದ್ದಾರೆ' ಅಂತ ಕರೆದಿದ್ದರು. ಮೂರೂ ಅವರ ಮನೆಯ ಮೂರು ಫೋನುಗಳ ಇನ್ನೊಂದು ಮುಖ! ವೈಫೈ ರಿಪೀಟರ್ ಇದ್ದರೂ ಇಂಥದ್ದೇ ಗೊಂದಲ, ಅದರ ಹಿಂದಿರುವ ಸಾಧನಗಳ ಅಡ್ರೆಸ್ಸನ್ನು ಕೆಲವು ರಿಪೀಟರ್‌ಗಳು ಬದಲಿಸಿ ತೋರಿಸುತ್ತವೆ.

ಒಂದೊಂದೇ ಆಫ್ ಮಾಡುವ ಆಟ

ಇಷ್ಟಾದ ಮೇಲೂ ಒಂದೆರಡು ಉಳಿಯುತ್ತವೆ. ಈಗ ಕಳೆಯುವ ಲೆಕ್ಕ.

ಸಾಧನ ಹೋಗಿದೆಯೋ ಇದೆಯೋ ಅಂತ ರೂಟರ್ ಪೇಜ್ ತಡವಾಗಿ ಹೇಳುತ್ತದೆ, ಒಂದೆರಡು ನಿಮಿಷ ಹಳೇ ಲಿಸ್ಟೇ ತೋರಿಸಬಹುದು. ಅದಕ್ಕೆ ಲ್ಯಾಪ್‌ಟಾಪ್‌ನಲ್ಲಿ ಪಿಂಗ್ ಹಾಕಿಡಿ, ಅಂದರೆ ಆ ಸಾಧನವನ್ನು 'ಇದ್ದೀಯಾ?' ಅಂತ ಮತ್ತೆ ಮತ್ತೆ ಕೇಳುವ ಕಮಾಂಡ್. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು, ಇಂಗ್ಲಿಷ್‌ನಲ್ಲಿ 'ಪಿಂಗ್' ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ಸಾಧನದ ಐಪಿ ನಂಬರ್, ಮತ್ತೆ ಜಾಗ ಬಿಟ್ಟು ಮೈನಸ್ ಚಿಹ್ನೆ ಮತ್ತು 'ಟಿ' ಅಕ್ಷರ, ಆಮೇಲೆ ಎಂಟರ್. ಸೆಕೆಂಡಿಗೊಂದು ಸಾಲು ಓಡುತ್ತದೆ. ಸಾಧನ ಆಫ್ ಆದ ಕೂಡಲೇ ಉತ್ತರ ನಿಲ್ಲುತ್ತದೆ. ಮ್ಯಾಕ್‌ಬುಕ್, ಲಿನಕ್ಸ್‌ನಲ್ಲಿ ಆ ಮೈನಸ್ ಟಿ ಬೇಡ. ಎಲ್ಲ ಸಾಧನಗಳೂ ಪಿಂಗ್‌ಗೆ ಉತ್ತರ ಕೊಡೋದಿಲ್ಲ, ಕೊಡದಿದ್ದರೆ ರೂಟರ್ ಪೇಜೇ ಗತಿ.

ಪಿಂಗ್ ಸಾಲಿನ ಕೊನೆಯಲ್ಲಿ 'ಟಿಟಿಎಲ್' ಅಂತ ಒಂದು ಸಂಖ್ಯೆ ಇರುತ್ತದೆ. 128 ಇದ್ದರೆ ಸಾಮಾನ್ಯವಾಗಿ ವಿಂಡೋಸ್. 64 ಇದ್ದರೆ ಆಂಡ್ರಾಯ್ಡ್, ಆಪಲ್, ಲಿನಕ್ಸ್ ಕಡೆಯದು, ಟಿವಿ ಮತ್ತು ಕ್ಯಾಮೆರಾಗಳೂ ಇದರಲ್ಲೇ ಬರುತ್ತವೆ. ಪಕ್ಕಾ ಸಾಕ್ಷಿ ಅಲ್ಲ, ಸುಳಿವು.

ಪಿಂಗ್ ಓಡುತ್ತಿರುವಾಗ ಒಂದೊಂದೇ ವಸ್ತುವಿನ ಸ್ವಿಚ್ ಆಫ್ ಮಾಡುತ್ತಾ ಹೋಗಿ. ನನಗೆ ಅಷ್ಟು ತಾಳ್ಮೆ ಇರಲಿಲ್ಲ, ನೇರ ಎಂಸಿಬಿ (ಒಂದೊಂದು ಲೈನಿನ ಕರೆಂಟ್ ಕಡಿಯುವ ಸ್ವಿಚ್) ಡಬ್ಬಿಗೇ ಕೈ ಹಾಕಿದೆ. ರೂಟರ್‌ಗೆ ಮಿನಿ ಯುಪಿಎಸ್ ಇದೆ, ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ. ಒಂದೊಂದೇ ಎಂಸಿಬಿ ಇಳಿಸುತ್ತಾ ಹೋದರೆ, ಯಾವುದನ್ನು ಇಳಿಸಿದಾಗ ಪಿಂಗ್ ನಿಲ್ಲುತ್ತದೋ ಆ ಲೈನಿನಲ್ಲಿ ಅದು ಕೂತಿದೆ ಅಂತ ಅರ್ಥ. ಮಾಡೋ ಮುಂಚೆ ಮನೆಯವರಿಗೆ ಹೇಳಿ, ಡೆಸ್ಕ್‌ಟಾಪ್ ಸರಿಯಾಗಿ ಶಟ್‌ಡೌನ್ ಮಾಡಿ. ಮನೆಯಲ್ಲಿ ಆಕ್ಸಿಜನ್ ಮಷೀನ್ ಥರದ್ದು ಓಡುತ್ತಿದ್ದರೆ ಈ ಆಟವೇ ಬೇಡ.

ಎಲ್ಲ ಎಂಸಿಬಿ ಇಳಿಸಿದೆ. ಪಿಂಗ್ ನಿಲ್ಲಲೇ ಇಲ್ಲ. ಮನೆ ಪೂರ್ತಿ ಕತ್ತಲೆ, ಲ್ಯಾಪ್‌ಟಾಪ್ ಪರದೆ ಮೇಲೆ ಮಾತ್ರ ಸಾಲುಗಳು ಓಡುತ್ತಲೇ ಇವೆ. ನೋಡಿದ್ಯಾ, ನಮ್ಮ ಮನೆಯದಲ್ಲ, ಮಹಡಿಯದೇ ಅಂತ ತೀರ್ಮಾನ ಮಾಡಿಬಿಟ್ಟೆ.

ಎರಡು ದಿನದ ಮೇಲೆ ಮಧ್ಯಾಹ್ನ ಕರೆಂಟ್ ಹೋಯಿತು, ಇಡೀ ಬೀದಿಗೆ. ಸುಮ್ನೆ ಲಿಸ್ಟ್ ನೋಡಿದೆ. ಎಸ್ಪ್ರೆಸ್ಸಿಫ್ ಇರಲಿಲ್ಲ. ಕರೆಂಟ್ ಬಂತು, ಅದೂ ಬಂತು. ಮಹಡಿ ಹುಡುಗರ ಲ್ಯಾಪ್‌ಟಾಪೋ ಫೋನೋ ಆಗಿದ್ದರೆ ಬ್ಯಾಟರಿ ಮೇಲೆ ನಡೀತಾನೇ ಇರಬೇಕಿತ್ತಲ್ವಾ? ಅಂದರೆ ಅದು ನೇರ ಕರೆಂಟಿಗೆ ಸಿಕ್ಕಿಸಿದ, ಬ್ಯಾಟರಿ ಇಲ್ಲದ ಏನೋ ಒಂದು. ಇನ್ವರ್ಟರ್ ಇಲ್ಲದೆ ರೂಟರ್‌ಗೆ ಮಾತ್ರ ಯುಪಿಎಸ್ ಇರುವ ಮನೆಗಳಿಗೆ ಕರೆಂಟ್ ಹೋಗೋದು ಇಂಥ ಒಂದು ಪುಕ್ಕಟೆ ಪರೀಕ್ಷೆ. ಹತ್ತು ನಿಮಿಷ ಬಿಟ್ಟು ಲಿಸ್ಟ್ ನೋಡಿ, ಉಳಿದಿದ್ದೆಲ್ಲ ಬ್ಯಾಟರಿಯವು.

ಸಿಗ್ನಲ್, ಡೇಟಾ, ಪೋರ್ಟ್

ಕೆಲವು ರೂಟರ್‌ಗಳು ಪ್ರತಿ ಸಾಧನದ ಸಿಗ್ನಲ್ ತೋರಿಸುತ್ತವೆ, ಮೈನಸ್ ಲೆಕ್ಕದಲ್ಲಿ. ಮೈನಸ್ 35 ಅಂದರೆ ರೂಟರ್ ಪಕ್ಕದಲ್ಲೇ, ಮೈನಸ್ 80 ಅಂದರೆ ಎರಡು ಮೂರು ಗೋಡೆ ಆಚೆ. ಸಂಖ್ಯೆ ದಿನವಿಡೀ ಒಂದೇ ಥರ ಇದ್ದರೆ ಅದು ಗೋಡೆಗೋ ಪ್ಲಗ್ಗಿಗೋ ಅಂಟಿಕೊಂಡಿರುವ ವಸ್ತು. ಏರಿಳಿತ ಇದ್ದರೆ ಯಾರದೋ ಜೇಬಿನಲ್ಲಿದೆ. 2.4 ಗಿಗಾಹರ್ಟ್ಸ್‌ನಲ್ಲೇ ಕೂತಿದ್ದು 5ಕ್ಕೆ ಬರೋದೇ ಇಲ್ಲ ಅಂದರೂ ಬಲ್ಬು, ಪ್ಲಗ್ಗು ಜಾತಿಯದ್ದೇ ಇರಬಹುದು, ಹೆಚ್ಚಿನವು 2.4 ಮಾತ್ರ ಬಲ್ಲವು.

ಡೇಟಾ ಎಷ್ಟು ಹೋಗುತ್ತಿದೆ ಅಂತ ಕಂಡರೆ ಅದನ್ನೂ ನೋಡಿ. ಸ್ಮಾರ್ಟ್ ಪ್ಲಗ್ ದಿನಕ್ಕೆ ಒಂದಿಷ್ಟು ಎಂಬಿ ಬಳಸಿದರೆ ಹೆಚ್ಚು. ಡೌನ್‌ಲೋಡ್‌ಗಿಂತ ಅಪ್‌ಲೋಡ್ ಜಾಸ್ತಿ, ಅದೂ ಬಿಡುವಿಲ್ಲದೆ ಇದ್ದರೆ ಕ್ಯಾಮೆರಾ ಅಂತ ಮೊದಲು ಯೋಚಿಸಿ. ಬಾಡಿಗೆ ಮನೆಗೆ, ಹೋಂಸ್ಟೇಗೆ ಹೋದವರು ಇದನ್ನು ನೆನಪಿಟ್ಟುಕೊಳ್ಳೋದು ಒಳ್ಳೆಯದು.

ಕಂಪ್ಯೂಟರ್ ಸ್ವಲ್ಪ ಅಭ್ಯಾಸ ಇದ್ದವರು ಎನ್‌ಮ್ಯಾಪ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಆ ಐಪಿಯ ಮೇಲೆ ಓಡಿಸಿ. ಆ ಸಾಧನದ ಯಾವ ಬಾಗಿಲು, ಅಂದರೆ ಯಾವ ನಂಬರಿನ ಪೋರ್ಟ್, ತೆರೆದಿದೆ ಅಂತ ಹೇಳುತ್ತದೆ. 9100 ಅಥವಾ 631 ತೆರೆದಿದ್ದರೆ ಪ್ರಿಂಟರ್. 554 ಇದ್ದರೆ ಕ್ಯಾಮೆರಾ ಅಥವಾ ಡಿವಿಆರ್. 8008, 8009 ಇದ್ದರೆ ಕ್ರೋಮ್‌ಕಾಸ್ಟ್ ಇರುವ ಟಿವಿ. 62078 ಐಫೋನ್ ಅಥವಾ ಐಪ್ಯಾಡ್. 6668 ತುಯಾ ಸಾಧನ. 80 ತೆರೆದಿದ್ದರೆ ಆ ಐಪಿ ನಂಬರನ್ನೇ ಬ್ರೌಸರ್‌ನಲ್ಲಿ ಹಾಕಿ ನೋಡಿ, ಕೆಲವು ಸಲ ಸಾಧನವೇ ತನ್ನ ಹೆಸರು ಹಾಕಿಕೊಂಡು ಪೇಜ್ ತೋರಿಸುತ್ತದೆ. ಇದನ್ನೆಲ್ಲ ನಿಮ್ಮ ಮನೆಯ ನೆಟ್‌ವರ್ಕ್‌ನಲ್ಲಿ ಮಾತ್ರ ಮಾಡಿ, ಆಫೀಸಿನಲ್ಲಿ ಬೇಡ.

ಬ್ಲಾಕ್ ಮಾಡಿ, ಯಾರು ಕೂಗುತ್ತಾರೆ ನೋಡಿ

ನನ್ನ ಅನುಭವದಲ್ಲಿ ಇದಕ್ಕಿಂತ ಗಟ್ಟಿ ಉಪಾಯ ಇಲ್ಲ. ರೂಟರ್ ಪೇಜಿನಲ್ಲಿ ಆ ಸಾಧನದ ಮುಂದೆ 'ಬ್ಲಾಕ್' ಇರುತ್ತದೆ, ಇಲ್ಲದಿದ್ದರೆ 'ಮ್ಯಾಕ್ ಫಿಲ್ಟರ್' ಅನ್ನೋ ಕಡೆ ಅಡ್ರೆಸ್ ಸೇರಿಸಬೇಕು. ಸೇರಿಸುವಾಗ ಹುಷಾರು. ಫಿಲ್ಟರ್‌ಗೆ ಎರಡು ರೀತಿ ಇರುತ್ತವೆ, ಇವರನ್ನು ಬಿಡಬೇಡ ಅನ್ನೋದು ಒಂದು, ಇವರನ್ನು ಮಾತ್ರ ಬಿಡು ಅನ್ನೋದು ಇನ್ನೊಂದು. ಎರಡನೆಯದು ಒತ್ತಿದರೆ ನೀವೇ ಹೊರಗೆ, ಅಪರಿಚಿತನೊಬ್ಬನೇ ಒಳಗೆ. ಹಾಗಾದರೆ ರೂಟರ್‌ಗೆ ಲ್ಯಾನ್ ಕೇಬಲ್ ಹಾಕಿ ಸರಿಮಾಡಬೇಕು.

ಬ್ಲಾಕ್ ಮಾಡಿ ಎರಡು ಮೂರು ದಿನ ಬಿಡಿ. ನಾನು ರಾತ್ರಿ ಬ್ಲಾಕ್ ಮಾಡಿ ಮಲಗಿದೆ. ಬೆಳಗ್ಗೆ ಆರಕ್ಕೆ ಅಡುಗೆಮನೆಯಿಂದ ಅಮ್ಮನ ದನಿ.

'ಲೋ, ನಲ್ಲೀಲಿ ನೀರು ಬರ್ತಿಲ್ಲ ಕಣೋ. ಮೋಟರ್ ಆ್ಯಪ್ ಓಪನ್ನೇ ಆಗ್ತಿಲ್ಲ.'

'ಮೋಟರ್ ಆ್ಯಪಾ? ಯಾವ ಮೋಟರ್ ಆ್ಯಪು ಅಮ್ಮ?'

ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಮೋಟರ್. ಆರು ತಿಂಗಳ ಹಿಂದೆ ಸ್ಟಾರ್ಟರ್ ಕೆಟ್ಟಾಗ ಎಲೆಕ್ಟ್ರಿಷಿಯನ್ ಹೊಸ ಕಂಟ್ರೋಲರ್ ಹಾಕಿದ್ದ. ಫೋನಿನಿಂದಲೇ ಆನ್ ಮಾಡಬಹುದು ಅಂತ ಅಮ್ಮನಿಗೆ ಖುಷಿ, ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದ ಪಾಸ್‌ವರ್ಡ್ ತೋರಿಸಿದ್ದರು. ನಾನು ಆಫೀಸಿನಲ್ಲಿದ್ದೆ. ಕಂಟ್ರೋಲರ್ ಇರೋದು ಹೊರಗೆ ಮೀಟರ್ ಬೋರ್ಡ್ ಪಕ್ಕದ ಕಬ್ಬಿಣದ ಡಬ್ಬಿಯಲ್ಲಿ, ಅದಕ್ಕೆ ಬೇರೆಯದೇ ಎಂಸಿಬಿ. ಒಳಗಿನ ಡಬ್ಬಿಯ ಎಂಸಿಬಿ ಎಷ್ಟು ಇಳಿಸಿದರೂ ಅದು ಅಲ್ಲಾಡುತ್ತಿರಲಿಲ್ಲ. ಬ್ಲಾಕ್ ತೆಗೆದೆ. ಒಂದು ನಿಮಿಷಕ್ಕೆ ಮೋಟರ್ ಗುರ್ ಅಂದಿತು.

ಯಾರೂ ಕೂಗಲಿಲ್ಲ, ಬ್ಲಾಕ್ ಆದ ಮೇಲೆ ಅದೇ ಥರದ್ದು ಬೇರೆ ಅಡ್ರೆಸ್ ಹಾಕಿಕೊಂಡು ಮತ್ತೆ ಬಂತು ಅಂದರೆ ಮಾತ್ರ ಗಂಭೀರವಾಗಿ ತಗೊಳ್ಳಿ. ಫೋನುಗಳು ಅಡ್ರೆಸ್ ಬದಲಿಸಿಕೊಳ್ಳಬಲ್ಲವು ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ಬ್ಲಾಕ್ ಅನ್ನೋದು ಪರೀಕ್ಷೆಗೆ ಸರಿ, ಕಾವಲಿಗೆ ಸಾಲದು.

ನಿಜಕ್ಕೂ ಹೊರಗಿನವರೇ ಆಗಿದ್ದರೆ

ಈಗ ಪಾಸ್‌ವರ್ಡ್ ಬದಲಿಸುವ ಹೊತ್ತು. ಕ್ರಮ ಮುಖ್ಯ: ಮೊದಲು ರೂಟರ್‌ನ ಲಾಗಿನ್ ಪಾಸ್‌ವರ್ಡ್, ಆಮೇಲೆ ವೈಫೈಯದು. ತಿರುಗಾಮುರುಗಾ ಮಾಡಿದರೆ, ಒಳಗಿರುವವನು ಲಾಗಿನ್ ಆಗಿ ಹೊಸ ವೈಫೈ ಪಾಸ್‌ವರ್ಡ್ ನೋಡಿಕೊಳ್ಳಬಹುದು.

ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಡಬ್ಲ್ಯುಇಪಿ ಅಂತ ಇದ್ದರೆ ಅದು ಚಿಲಕ ಇಲ್ಲದ ಬಾಗಿಲು. ಪಾಸ್‌ವರ್ಡ್ ಬದಲು ಪಿನ್ ಹಾಕಿ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಅನ್ನೋದನ್ನು ಆಫ್ ಮಾಡಿ. ಅದರ ಎಂಟಂಕಿ ಪಿನ್ನನ್ನು ಎರಡು ತುಂಡು ಮಾಡಿ ಪರೀಕ್ಷಿಸುವುದರಿಂದ, ಸುಮಾರು 11,000 ಪ್ರಯತ್ನದಲ್ಲಿ ಒಡೆಯಬಹುದು ಅಂತ 2011ರಲ್ಲೇ ಬಯಲಾಗಿದೆ.

ಪಾಸ್‌ವರ್ಡ್ ಆಗಿ ಮೊಬೈಲ್ ನಂಬರ್ ಇಡಬೇಡಿ. ನಮ್ಮಲ್ಲಿ ಇದು ಎಷ್ಟು ಜಾಸ್ತಿ ಅಂದರೆ ಹೇಳೋಕಾಗದು. ನಮ್ಮ ನಂಬರ್‌ಗಳು 6, 7, 8, 9ರಿಂದ ಶುರುವಾಗುತ್ತವೆ, ಹತ್ತಂಕಿ, ಒಟ್ಟು 400 ಕೋಟಿ ಸಾಧ್ಯತೆ. ಕೇಳೋಕೆ ದೊಡ್ಡದು. ಆದರೆ ಡಬ್ಲ್ಯುಪಿಎ2 ವೈಫೈಗೆ ಯಾರೋ ಸೇರುವಾಗಿನ ಸಂಕೇತವನ್ನು ಹಿಡಿದಿಟ್ಟುಕೊಂಡರೆ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷ ಪಾಸ್‌ವರ್ಡ್ ಹೋಲಿಸಿ ನೋಡಬಲ್ಲದು. 400 ಕೋಟಿ ಭಾಗಿಸು ಹತ್ತು ಲಕ್ಷ, 4000 ಸೆಕೆಂಡು. ಒಂದು ಗಂಟೆ ಏಳು ನಿಮಿಷ! ಅದರ ಬದಲು ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಉದ್ದಕ್ಕೆ ಬರೆದು, ಮಧ್ಯೆ ಎರಡು ಅಂಕಿ ತುರುಕಿ. ಅಮ್ಮನಿಗೂ ನೆನಪಿರುತ್ತದೆ.

ಹೊಸ ಪಾಸ್‌ವರ್ಡ್ ಇಡುವ ದಿನವೇ ಅದೇ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆ ಬೇರೆ ಹೆಸರಿನ ವೈಫೈ) ಒಂದನ್ನು ಆನ್ ಮಾಡಿ. ನೆಂಟರು, ರಿಪೇರಿಯವರಿಗೆ ಅದರ ಪಾಸ್‌ವರ್ಡ್. ಬಲ್ಬು, ಪ್ಲಗ್ಗು, ಕ್ಯಾಮೆರಾಗಳನ್ನೂ ಅದಕ್ಕೇ ಸೇರಿಸಿದರೆ ನಿಮ್ಮ ಲ್ಯಾಪ್‌ಟಾಪ್ ಇರುವ ಕಡೆ ಜನಸಂದಣಿ ಕಡಿಮೆ. ಮುಂದೆ ಅಪರಿಚಿತ ಹೆಸರು ಯಾವ ಕಡೆ ಬಂತು ಅನ್ನೋದೇ ಒಂದು ಸುಳಿವು.

ಸುಮ್ನೆ ಒಬ್ಬ ಹುಡುಗ ರೀಲ್ಸ್ ನೋಡೋಕೆ ಬಳಸಿದರೆ ಇಷ್ಟು ತಲೆಬಿಸಿ ಯಾಕೆ ಅಂತ ಕೆಲವರು ಕೇಳುತ್ತಾರೆ. 2008ರ ಅಹಮದಾಬಾದ್ ಸರಣಿ ಸ್ಫೋಟಕ್ಕೆ ಸ್ವಲ್ಪ ಮುಂಚೆ ಬಂದ ಬೆದರಿಕೆ ಇಮೇಲ್ ಹೋಗಿದ್ದು ನವಿ ಮುಂಬೈಯ ಒಂದು ಮನೆಯ ವೈಫೈ ಮೂಲಕ. ಪೊಲೀಸರು ಮೊದಲು ಹೋಗಿದ್ದು ಆ ಮನೆಗೆ. ನಿಮ್ಮ ಲೈನಿನಿಂದ ಏನಾದರೂ ಆದರೆ ಮೊದಲು ಸಿಗುವ ವಿಳಾಸ ನಿಮ್ಮದೇ. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬರೀ ಅಪರಿಚಿತ ಸಾಧನ ಕಂಡಿದೆ ಅಂತ ಅಲ್ಲಿಗೆ ಫೋನ್ ಮಾಡೋದು ಬೇಡ, ಆ ಸ್ಕ್ರೀನ್‌ಶಾಟ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಹೆಸರಿಡಿ

ಪತ್ತೆಯಾದ ಪ್ರತಿಯೊಂದಕ್ಕೂ ರೂಟರ್‌ನಲ್ಲೇ ಹೆಸರು ಬರೆದಿಡಿ, ಹೆಚ್ಚಿನ ರೂಟರ್‌ಗಳಲ್ಲಿ ಹೆಸರಿನ ಪಕ್ಕ ಪೆನ್ಸಿಲ್ ಗುರುತು ಇರುತ್ತದೆ. ಇಲ್ಲದಿದ್ದರೆ ಒಂದು ಹಾಳೆಯಲ್ಲಿ ವಸ್ತು, ಮ್ಯಾಕ್ ಅಡ್ರೆಸ್ ಬರೆದು ರೂಟರ್ ಪಕ್ಕ ಅಂಟಿಸಿ. ಮುಂದಿನ ಸಲ ಹೊಸದು ಬಂದರೆ ಹದಿನಾಲ್ಕನ್ನು ಹುಡುಕುವ ಬದಲು ಒಂದನ್ನೇ ಹುಡುಕಿದರೆ ಆಯಿತು.

ನಾನು 'ಟ್ಯಾಂಕ್ ಮೋಟರ್, ಅಮ್ಮನನ್ನು ಕೇಳದೆ ಮುಟ್ಟಬೇಡ' ಅಂತ ಬರೆಯೋಕೆ ಹೋದೆ. ನಮ್ಮ ರೂಟರ್ ಅಷ್ಟು ಅಕ್ಷರ ಬಿಡಲಿಲ್ಲ. ಈಗ ಅಲ್ಲಿ 'ಅಮ್ಮ ಮೋಟರ್' ಅಂತ ಇದೆ. ಮಹಡಿ ಹುಡುಗರಿಗೆ ಗೆಸ್ಟ್ ಪಾಸ್‌ವರ್ಡ್ ನಾನೇ ಕೊಟ್ಟೆ, ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.